ಒಂದು ರೊಟ್ಟಿ ಬೇಯುವಷ್ಟು ನೋವು

ನನ್ನ ಮೈದುನನ ಹೆಂಡತಿ, ನಮ್ಮ ಕಡೆ ಹೇಳುವ ಹಾಗೆ ನನ್ನ ನೆಗೆಣ್ಣಿ, ಮದುವೆಯಾಗಿ ಮನೆಗೆ ಬಂದಾಗ ನಾನು ರೊಟ್ಟಿ ಬಡಿಯಲು ಕೂತು ಹನ್ನೊಂದು ವರ್ಷವಾಗಿತ್ತು. ಮನೆ ಮಂದಿಗೆ ಬಡಿಯುವ ಹತ್ತು ಹದಿನೈದು ರೊಟ್ಟಿಯ ಮಾತಲ್ಲ ಇದು. ಹುಬ್ಬಳ್ಳಿಯ ಕೇಶ್ವಾಪುರದ ಒಂದು ಅಡ್ಡ ಓಣಿಯಲ್ಲಿ ನಮ್ಮ ಮಾವನವರದು ಖಾನಾವಳಿ. ಹನ್ನೆರಡೂವರೆಗೆ ಬೆಂಚುಗಳು ತುಂಬುತ್ತವೆ, ಕೂತವರ ತಟ್ಟೆಗೆ ಬಿಸಿ ರೊಟ್ಟಿ ಬೀಳುತ್ತಲೇ ಇರಬೇಕು. ಬದನೆಕಾಯಿ ಎಣ್ಣೆಗಾಯಿ ಎಷ್ಟೇ ರುಚಿಯಾಗಿದ್ದರೂ ಯಾರೂ ನೆನಪಿಡುವುದಿಲ್ಲ, ರೊಟ್ಟಿ ತಡವಾದದ್ದನ್ನು ಮಾತ್ರ ಊರಿಗೆಲ್ಲ ಹೇಳುತ್ತಾರೆ. ಗೋಪನಕೊಪ್ಪದ ಮನೆಯಿಂದ ಬೆಳಗ್ಗೆ ಆರಕ್ಕೆ ಆಟೋ ಹತ್ತಿದರೆ ಮಧ್ಯಾಹ್ನ ಮೂರರವರೆಗೆ ನನಗೆ ಬೆನ್ನು ಆನಿಸಿ ಕೂರಲು ಗೋಡೆಯೂ ಸಿಗುತ್ತಿರಲಿಲ್ಲ.

ನಾನು ಸಿಟ್ಟಿನ ಹೆಂಗಸು. ಇದನ್ನು ಮೊದಲೇ ಹೇಳಿಬಿಟ್ಟರೆ ಮುಂದೆ ಓದುವವರಿಗೆ ಅನುಕೂಲ. ನನ್ನ ಮಗಳು ಹುಟ್ಟುವ ದಿನ ಹಂಚಿನ ಮುಂದೆ ಕೂತಿದ್ದಾಗಲೇ ನೋವು ಶುರುವಾಯಿತು. ನಾದಿಟ್ಟ ಹಿಟ್ಟು ಹಾಳಾಗುತ್ತದೆ ಅಂತ ಅಷ್ಟನ್ನೂ ಬಡಿದು ಮುಗಿಸಿ, ಕೈ ತೊಳೆದುಕೊಂಡು ದವಾಖಾನೆಗೆ ಹೋದೆ. ಅತ್ತೆ ಅದನ್ನು ಇವತ್ತಿಗೂ ಬಂದವರ ಮುಂದೆ ಹೊಗಳಿ ಹೇಳುತ್ತಾರೆ. ಆ ಹೊಗಳಿಕೆಯನ್ನು ನಾನು ಕೊರಳ ಸರದ ಹಾಗೆ ಹಾಕಿಕೊಂಡು ತಿರುಗಿದ್ದೇನೆ. ನಿನಗೆ ನೋಯಿತೇನು ಅಂತ ಮಾತ್ರ ಈ ಮನೆಯಲ್ಲಿ ಯಾರೂ ಕೇಳಲಿಲ್ಲ. ಕೇಳದಿದ್ದುದಕ್ಕೆ ನನಗೆ ಬೇಸರವಿತ್ತು ಅನ್ನುವುದು ನೆಗೆಣ್ಣಿ ಬರುವವರೆಗೆ ನನಗೇ ಗೊತ್ತಿರಲಿಲ್ಲ.

ಅವಳ ತವರು ಧಾರವಾಡದ ಹತ್ತಿರದ ಹೆಬ್ಬಳ್ಳಿ. ಹೊಲ ಮಾಡುವವರ ಮನೆ. ಮಾತು ಕಡಿಮೆ, ಕೈ ಚುರುಕು. ರೊಟ್ಟಿಯನ್ನು ನನಗಿಂತ ತೆಳ್ಳಗೆ ಬಡಿಯುತ್ತಿದ್ದಳು. ಬೇರೆಯವರು ಹೇಳುವ ಮೊದಲೇ ನನಗೆ ಅದು ಕಂಡಿತ್ತು, ಕಂಡು ಮೈ ಉರಿದಿತ್ತು. ಖಾನಾವಳಿಯ ಅಡುಗೆಮನೆಯಲ್ಲಿ ಎರಡು ಒಲೆ, ಎರಡು ಹಂಚು, ನಡುವೆ ಹಿಟ್ಟಿನ ಪರಾತ. ಎದುರುಬದುರು ಕೂತು ಇಬ್ಬರೂ ಬಡಿಯುವಾಗ ಸಪ್ಪಳ ಒಂದರ ಬೆನ್ನಿಗೊಂದು ಬೀಳುತ್ತದೆ. ಅದರಲ್ಲಿ ಒಬ್ಬಳು ನಿಲ್ಲಿಸಿದರೆ ಹೊರಗೆ ರೊಕ್ಕದ ಗಲ್ಲೆಯ ಹತ್ತಿರ ಕೂತ ಮಾವನವರಿಗೂ ಗೊತ್ತಾಗಿಬಿಡುತ್ತಿತ್ತು. ಅವರು ಅಲ್ಲಿಂದಲೇ ಕೆಮ್ಮುತ್ತಿದ್ದರು. ಆ ಕೆಮ್ಮಿಗೆ ನಾನು ಹನ್ನೊಂದು ವರ್ಷ ಹೆದರಿದವಳು.

ಅವಳು ಬಂದು ಆರು ತಿಂಗಳಾಗಿತ್ತೇನೋ. ಒಂದು ದಿನ ಊಟದ ಹೊತ್ತಿನಲ್ಲಿ ಅವಳ ಸಪ್ಪಳ ನಿಂತಿತು. ತಲೆ ಎತ್ತಿ ನೋಡಿದರೆ ಎಡಗೈಯನ್ನು ಮುಂದಕ್ಕೆ ಚಾಚಿಕೊಂಡು ಕೂತಿದ್ದಾಳೆ. ಬೆರಳುಗಳು ಒಳಕ್ಕೆ ಮಡಚಿಕೊಂಡಿವೆ. ಬಾಯಿ ತೆರೆದಿದೆ, ದನಿ ಇಲ್ಲ. ಕಣ್ಣಿನಿಂದ ನೀರು ದಳದಳ ಇಳಿಯುತ್ತಿದೆ. ನಾನು ಅವಳ ಹಂಚಿನ ಮೇಲಿದ್ದ ರೊಟ್ಟಿ ಹತ್ತಿಹೋಗದ ಹಾಗೆ ಮಗುಚಿ ಹಾಕಿದೆ. ಅದು ಉಬ್ಬಿ ಬೆಂದು ಬುಟ್ಟಿಗೆ ಬೀಳುವಷ್ಟರಲ್ಲಿ ಅವಳ ಬೆರಳು ಬಿಚ್ಚಿದವು, ಉಸಿರು ಬಂತು.

"ಏನಾತಲೇ?" ಅಂತ ಕೇಳಿದೆ.

"ಕೈ, ಅಕ್ಕಾ. ಕುದಿಯೂ ಎಣ್ಣ್ಯಾಗ ಅದ್ದಿ ಹಿಡದಂಗ ಆತ್ರಿ. ಬೆರಳಿನ ತುದಿಯಿಂದ ಹತ್ತಿ ಹೆಗಲತನಕ ಬಂತು. ಚರ್ಮಕ್ಕಲ್ರಿ, ಎಲುವಿನ ಒಳಗ."

"ಈಗ?"

"ಈಗ ಏನೂ ಇಲ್ರಿ. ಜೋಮು ಹಿಡದೈತಿ ಅಷ್ಟ."

ಎಡಗೈ ಅಂದ ಕೂಡಲೇ ಮನೆಯವರೆಲ್ಲ ಹೃದಯ ಅಂತ ಹೆದರಿದರು. ನನ್ನ ಗಂಡ ಸ್ಕೂಟರಿನಲ್ಲಿ ದವಾಖಾನೆಗೆ ಕರೆದೊಯ್ದ, ಮೈದುನ ಹಿಂದಿನಿಂದ ಓಡಿದ. ಹೃದಯದ ಇಸಿಜಿ ಪಟ್ಟಿ ತೆಗೆದು ನೋಡಿ ಎಲ್ಲ ಸರಿಯಾಗಿದೆ ಅಂತ ಹೇಳಿ ಕಳಿಸಿದರು. ಆ ದಿನ ಉಳಿದ ರೊಟ್ಟಿಯನ್ನೆಲ್ಲ ನಾನೊಬ್ಬಳೇ ಬಡಿದೆ. ಸಂಜೆ ಅತ್ತೆ ಅವಳಿಗೆ ಹಾಲು ಕಾಸಿ ಕೊಟ್ಟರು. ನನ್ನ ಹನ್ನೊಂದು ವರ್ಷದಲ್ಲಿ ಅತ್ತೆ ನನಗೆ ಹಾಲು ಕಾಸಿ ಕೊಟ್ಟದ್ದು ಬಾಣಂತನದಲ್ಲಿ ಮಾತ್ರ.

ಆಮೇಲೆ ಅದು ವಾರಕ್ಕೊಮ್ಮೆ ಬಂತು, ಮುಂದೆ ವಾರಕ್ಕೆ ಮೂರು ನಾಲ್ಕು ಸಲ ಬಂತು. ಕುತ್ತಿಗೆಯ ಎಕ್ಸ್‌ರೇ ಆಯಿತು. ನರ ಹಿಡಿದಿದೆ ಅಂತ ಎಣ್ಣೆ ತಿಕ್ಕಿಸಿದೆವು. ಗ್ಯಾಸ್ ಅಂದರು ಒಬ್ಬರು, ಅದಕ್ಕೂ ಗುಳಿಗೆ ನುಂಗಿದಳು. ಅತ್ತೆ ಮಠದಿಂದ ಮಂತ್ರಿಸಿದ ದಾರ ತಂದು ಮೊಣಕೈ ಮೇಲೆ ಕಟ್ಟಿದರು. ಯಾವುದೂ ನಾಟಲಿಲ್ಲ. ಎಲುಬಿನ ಡಾಕ್ಟರ ಹತ್ತಿರ ಅವಳ ಜೊತೆ ನಾನು ಹೋಗಿದ್ದೆ. ಅವರು ಅವಳ ಕೈಯನ್ನು ಎತ್ತಿ, ತಿರುಗಿಸಿ, ಒತ್ತಿ ನೋಡಿದರು. "ಹೆಂಗ ನೋಯತೈತಿ ಹೇಳವಾ" ಅಂತ ಕೇಳಿದರು. ಅವಳು ಹೇಳಲು ಬಾಯಿ ತೆರೆಯುವ ಮೊದಲೇ ನಾನು ಹೇಳಿದೆ: "ಕೆಲಸ ಇದ್ದಾಗ ನೋಯತೈತ್ರಿ ಸರ, ಕೆಲಸ ಮುಗಿದ ಮ್ಯಾಲ ತಾನ ಕಡಿಮಿ ಆಗತೈತಿ." ಡಾಕ್ಟರು ನಕ್ಕರು. ಅವಳು ತೆರೆದ ಬಾಯಿ ಮುಚ್ಚಿಕೊಂಡಳು. ಕೈಗೆ ಏನೂ ಆಗಿಲ್ಲ, ಮನಸ್ಸಿನ ಚಿಂತೆ ಇರಬೇಕು ಅಂತ ಬರೆದುಕೊಟ್ಟರು.

ಆ ಚೀಟಿ ಮನೆಗೆ ಬಂದದ್ದೇ ತಡ, ಎಲ್ಲರ ದನಿ ಬದಲಾಯಿತು. ಹಾಲು ನಿಂತಿತು. "ಕುಣೀಲಾರದಾಕಿ ನೆಲಾ ಡೊಂಕ ಅಂದ್ಲಂತ" ಅಂತ ಅತ್ತೆ ಒಗ್ಗರಣೆ ಹಾಕುತ್ತಲೇ ಗೋಡೆಗೆ ಹೇಳುವ ಹಾಗೆ ಹೇಳಿದರು. ನನಗೆ ಹಬ್ಬವಾಯಿತು. ಅವಳ ಸಪ್ಪಳ ನಿಂತ ಕೂಡಲೇ ನಾನು ಹೊರಗೆ ಕೇಳುವ ಹಾಗೆ ಕೂಗುತ್ತಿದ್ದೆ: "ಬರ್ರಿ, ಬರ್ರಿ, ಕಂಪನಿ ನಾಟಕ ಶುರುವಾತು!" ಬಡಿಸುವ ಹುಡುಗರು ಕಿಸಕ್ಕನೆ ನಗುತ್ತಿದ್ದರು. ಮೈದುನ ಮಾತ್ರ ನಗುತ್ತಿರಲಿಲ್ಲ, ಆದರೆ ನನ್ನನ್ನು ತಡೆಯುತ್ತಲೂ ಇರಲಿಲ್ಲ. ಅಣ್ಣನ ಹೆಂಡತಿಗೆ ಎದುರಾಡುವ ರೂಢಿ ಅವನಿಗಿಲ್ಲ. ತಟ್ಟೆ ಎತ್ತಿಕೊಂಡು ಸುಮ್ಮನೆ ಹೊರಗೆ ಹೋಗುತ್ತಿದ್ದ.

ಕಳ್ಳನನ್ನು ಹಿಡಿಯಬೇಕೆಂದು ಕೂತವಳಿಗೆ ಕಣ್ಣು ಚುರುಕಾಗುತ್ತದೆ. ಆ ತಿಂಗಳುಗಳಲ್ಲಿ ನಾನು ಅವಳನ್ನು ನೋಡಿದಷ್ಟು ಯಾವ ತಾಯಿಯೂ ತನ್ನ ಕೂಸನ್ನು ನೋಡಿರಲಿಕ್ಕಿಲ್ಲ. ಯಾವಾಗಲೂ ಎಡಗೈ. ಯಾವಾಗಲೂ ಮೊದಲು ಕಿರುಬೆರಳು ಮಡಚುತ್ತಿತ್ತು, ಆಮೇಲೆ ಉಳಿದ ಬೆರಳು. ಒಮ್ಮೊಮ್ಮೆ ಎಡಗಡೆಯ ತುಟಿಯ ಅಂಚು ಎರಡು ಸಲ ಅದುರುತ್ತಿತ್ತು. ಮತ್ತು ಹೊತ್ತು. ಅವಳಿಗೆ ಶುರುವಾದಾಗ ನಾನು ನನ್ನ ಹಂಚಿಗೆ ಒಂದು ರೊಟ್ಟಿ ಹಾಕುತ್ತಿದ್ದೆ. ಮೇಲೆ ನೀರು ಸವರಿ, ಮಗುಚಿ, ಅದು ಉಬ್ಬಿ, ಬುಟ್ಟಿಗೆ ಬೀಳುವ ಹೊತ್ತಿಗೆ ಅವಳದೂ ಮುಗಿದಿರುತ್ತಿತ್ತು. ಒಂದು ದಿನ ಹೆಚ್ಚಿಲ್ಲ, ಒಂದು ದಿನ ಕಡಿಮೆ ಇಲ್ಲ. ಸಿಕ್ಕಿಬಿದ್ದಳು ಅಂದುಕೊಂಡೆ. ಸೋಗು ಹಾಕುವವರೇ ಹೀಗೆ ಅಳತೆ ಹಿಡಿದು ಹಾಕುವುದು, ಖರೆ ನೋವಿಗೆ ಅಳತೆ ಎಲ್ಲಿಂದ ಬರಬೇಕು ಅಂತ ನನ್ನ ಲೆಕ್ಕ. ನನ್ನ ನೋವುಗಳು ಯಾವುವೂ ಅಳತೆಗೆ ಸಿಕ್ಕಿರಲಿಲ್ಲ.

ನನ್ನ ಲೆಕ್ಕಕ್ಕೆ ಹೊಂದದ ಸಂಗತಿಗಳೂ ಇದ್ದವು. ಪಂಚಮಿಯ ದಿನ ಖಾನಾವಳಿಗೆ ಸೂಟಿ. ಮನೆಯಲ್ಲಿ ಉಂಡಿ ತಿಂದು, ಓಣಿಯ ಬೇವಿನ ಗಿಡಕ್ಕೆ ಕಟ್ಟಿದ ಜೋಕಾಲಿ ಆಡುತ್ತಿದ್ದೆವು. ಅವಳು ನಗುತ್ತಾ ಮೇಲಕ್ಕೆ ಜೀಕಿದವಳು ನಡುವೆಯೇ ಎಡಗೈಯ ಹಗ್ಗ ಬಿಟ್ಟು, ಕೆಳಗೆ ಬಿದ್ದು ಮೊಣಕಾಲು ಕೆತ್ತಿಕೊಂಡಳು. ಅವತ್ತು ತಪ್ಪಿಸಿಕೊಳ್ಳಲು ಯಾವ ರೊಟ್ಟಿಯೂ ಇರಲಿಲ್ಲ. ನಾನು ಅದನ್ನು ನೋಡಿದೆ, ನೋಡಿ ಆಚೆಗಿಟ್ಟೆ.

ಈಗ ಆ ದಿನದ ಮಾತು. ಶ್ರಾವಣ ಮುಗಿದಿತ್ತು. ಅವತ್ತು ಒಂದು ತೊಟ್ಟಿಲ ಕಾರ್ಯದ ಮನೆಯವರು ಮುನ್ನೂರು ರೊಟ್ಟಿ ಹೇಳಿದ್ದರು, ಊಟದ ಗಿರಾಕಿಗಳು ಬೇರೆ. ನನಗೆ ಒಳಗೆ ಜ್ವರವಿತ್ತು, ಯಾರಿಗೂ ಹೇಳಿರಲಿಲ್ಲ. ಹನ್ನೊಂದರ ಸುಮಾರಿಗೆ ಅವಳ ಸಪ್ಪಳ ನಿಂತಿತು. ಹೊರಗೆ ಮಾವನವರು ಕೆಮ್ಮಿದರು. ಅವಳು ಕೈ ಚಾಚಿಕೊಂಡು ಕೂತಿದ್ದಳು, ಕಿರುಬೆರಳು ಮಡಚಿತ್ತು. ನನ್ನ ಕೈಯಲ್ಲಿ ರೊಟ್ಟಿ ಮಗುಚುವ ಕಬ್ಬಿಣದ ಪಟ್ಟಿ ಇತ್ತು, ಅದು ಬೆಳಗಿನಿಂದ ಹಂಚಿನ ಅಂಚಿನಲ್ಲೇ ಕಾದಿತ್ತು. ನಾನು ಪರಾತದ ಮೇಲಿಂದ ಬಾಗಿ, ಆ ಪಟ್ಟಿಯನ್ನು ಅವಳ ಎಡ ಮಣಿಕಟ್ಟಿನ ಮೇಲೆ ಇಟ್ಟೆ.

ಕೈ ತಪ್ಪಿ ತಾಗಲಿಲ್ಲ. ಇಟ್ಟೆ. ನಾಟಕವಾದರೆ ಚಿಟ್ಟನೆ ಚೀರಿ ಕೈ ಎಳೆದುಕೊಳ್ಳುತ್ತಾಳೆ, ಹೊರಗಿದ್ದವರೆಲ್ಲ ಬಂದು ನೋಡುತ್ತಾರೆ, ಇವತ್ತಿಗೆ ಈ ಆಟ ಮುಗಿಯುತ್ತದೆ ಅಂತ ನನ್ನ ಯೋಚನೆ.

ಅವಳು ಕೈ ಎಳೆದುಕೊಳ್ಳಲಿಲ್ಲ. ಚರ್ಮ ಸುಟ್ಟ ವಾಸನೆ ನನ್ನ ಮೂಗಿಗೆ ಬಂತು. ಅವಳು ಕಣ್ಣು ತಿರುಗಿಸಿ ಆ ಪಟ್ಟಿಯನ್ನು ನೋಡಿದಳು, ಆಮೇಲೆ ನನ್ನನ್ನು ನೋಡಿದಳು. ಕೈ ಇದ್ದಲ್ಲೇ ಇತ್ತು. ಒಳಗಿನ ನೋವು ಎಷ್ಟಿತ್ತೆಂದರೆ ನಾನಿಟ್ಟದ್ದು ಅದರ ಮುಂದೆ ಅವಳಿಗೆ ತಾಗಲೇ ಇಲ್ಲ. ನಾನು ಪಟ್ಟಿಯನ್ನು ಹಿಂದಕ್ಕೆ ತೆಗೆದುಕೊಂಡೆ. ಸ್ವಲ್ಪ ಹೊತ್ತಿಗೆ ಅವಳ ಬೆರಳು ಬಿಚ್ಚಿದವು, ಆಗ ಸುಟ್ಟದ್ದು ಗೊತ್ತಾಗಿ ಒಂದು ಸಲ ಅಯ್ಯೋ ಅಂದಳು, ಪಕ್ಕದ ನೀರಿನ ಬೋಗುಣಿಯಲ್ಲಿ ಕೈ ಮುಳುಗಿಸಿದಳು.

ಅತ್ತೆ ಒಳಗೆ ಬಂದರು. "ಏನಾತು?"

ನಾನು ಪಟ್ಟಿಯನ್ನು ಹಂಚಿನ ಆಚೆಗೆ ಸರಿಸಿದೆ.

"ಹಂಚ ತಾಗಿತ್ರಿ ಅತ್ತಿ" ಅಂದಳು ಅವಳು.

ನನಗೆ ಅವತ್ತೇ ಗೊತ್ತಾಯಿತು. ಇದನ್ನು ಒತ್ತಿ ಹೇಳುತ್ತೇನೆ, ಯಾಕೆಂದರೆ ಮುಂದೆ ನಾನು ಮಾಡಿದ್ದನ್ನು ಗೊತ್ತಿಲ್ಲದೆ ಮಾಡಿದೆ ಅಂತ ಯಾರೂ ತಿಳಿಯಬಾರದು. ಅವಳ ನೋವು ಖರೆ ಅನ್ನುವುದು ಈ ಮನೆಯಲ್ಲಿ ಮೊದಲು ಗೊತ್ತಾದದ್ದು ನನಗೆ. ಆ ದಿನದಿಂದ ನಾಟಕ ಶುರುವಾಯಿತು ಅಂತ ಕೂಗುವುದನ್ನು ನಿಲ್ಲಿಸಿದೆ. ಅವಳ ಹಂಚಿನ ರೊಟ್ಟಿಯನ್ನು ಬಾಯಿ ಮುಚ್ಚಿಕೊಂಡು ಮಗುಚಿ ಹಾಕುತ್ತಿದ್ದೆ. ಅಷ್ಟಕ್ಕೇ ನನ್ನ ಪ್ರಾಯಶ್ಚಿತ್ತ ಮುಗಿಯಿತು ಅಂದುಕೊಂಡಿದ್ದೆ.

ಮುಗಿಯಲಿಲ್ಲ. ದೀಪಾವಳಿಗೆ ಮುಂಚೆ ಮಾವನವರು ಹೆಬ್ಬಳ್ಳಿಯಿಂದ ಅವಳ ಅಣ್ಣನನ್ನೂ ತಾಯಿಯನ್ನೂ ಕರೆಸಿದರು. ಮಧ್ಯಾಹ್ನ ಖಾನಾವಳಿಯ ಬಾಗಿಲು ಅರ್ಧ ಎಳೆದು, ಬೆಂಚುಗಳ ಮೇಲೆ ಎಲ್ಲರೂ ಕೂತರು. ನಮ್ಮ ಓಣಿಯ ಹಿರಿಯರೊಬ್ಬರನ್ನು ನ್ಯಾಯ ಹೇಳಲು ಕರೆದಿದ್ದರು. ಮಾತು ಇಷ್ಟೇ. ನೋವು ಖರೆಯಾದರೆ ಮನೆಯ ಸೊಸೆ, ಇಲ್ಲಿಯೇ ಇಟ್ಟುಕೊಂಡು ಔಷಧ ಮಾಡಿಸಬೇಕು. ಸುಳ್ಳಾದರೆ ತವರಿಗೆ ಕರೆದುಕೊಂಡು ಹೋಗಿ ಬುದ್ಧಿ ಕಲಿಸಿ, ಕಲಿಯುವವರೆಗೆ ಅಲ್ಲೇ ಇರಲಿ. ಅವಳು ಗೋಡೆಗೆ ಒರಗಿ ನಿಂತಿದ್ದಳು, ಎಡಗೈ ಸೆರಗಿನ ಒಳಗಿತ್ತು. ಅವಳ ಗಂಡ ನೆಲ ನೋಡುತ್ತಾ ಕೂತಿದ್ದ.

ಆ ಹಿರಿಯರು ನನ್ನ ಕಡೆ ತಿರುಗಿದರು. "ದಿನಾ ಎದುರಿಗೆ ಕುಂದ್ರಾಕಿ ನೀ. ನೀ ಹೇಳಿದ್ದ ಖರೇ. ಏನಂತಿ ಯವ್ವಾ, ಆಕಿ ಬ್ಯಾನಿ ಖರೇನೋ, ಸುಳ್ಳೋ?"

ಅವಳು ನನ್ನನ್ನು ನೋಡಿದಳು. ಆ ನೋಟದಲ್ಲಿ ಬೇಡಿಕೆ ಇರಲಿಲ್ಲ. ನಿಶ್ಚಿಂತೆ ಇತ್ತು. ನಾನು ಏನು ಹೇಳುತ್ತೇನೆ ಅನ್ನುವುದು ಅವಳಿಗೆ ಮೊದಲೇ ಗೊತ್ತಿದ್ದ ಹಾಗೆ ನಿಂತಿದ್ದಳು.

ಖರೆ ಅಂದರೆ, ನಿನ್ನೆಯವರೆಗೆ ನಾಟಕ ಅಂದಾಕೆ ಇವತ್ತು ಹೆಂಗ ಖರೆ ಅಂತಿ ಅಂತ ಕೇಳುತ್ತಾರೆ. ಕೇಳಿದರೆ ಆ ಕಬ್ಬಿಣದ ಪಟ್ಟಿಯ ತನಕ ಹೋಗಬೇಕಾಗುತ್ತದೆ. ಜ್ವರದಲ್ಲೂ ಹೆರಿಗೆ ನೋವಿನಲ್ಲೂ ರೊಟ್ಟಿ ಬಡಿದ ದೊಡ್ಡ ಸೊಸೆ ಆಮೇಲೆ ಸಣ್ಣ ಸೊಸೆಯ ಕೈ ಸುಟ್ಟವಳಾಗುತ್ತಾಳೆ. ಇಷ್ಟನ್ನೂ ನಾನು ಒಂದು ಗಳಿಗೆಯಲ್ಲಿ ಯೋಚಿಸಿದೆ.

"ನೀವ ವಿಚಾರ ಮಾಡ್ರಿ" ಅಂದೆ. "ಬರೋಬ್ಬರಿ ಒಂದ ರೊಟ್ಟಿ ಬೇಯೂತನಕ ನೋಯತೈತಿ, ರೊಟ್ಟಿ ಇಳಿಸಿದ ಕೂಡಲೇ ಹೋಗತೈತಿ. ಖರೇ ಬ್ಯಾನಿ ಹಿಂಗ ಅಳತಿ ಹಿಡದ ಬರತೈತೇನ್ರಿ?"

ಹಿರಿಯರು ತಲೆದೂಗಿದರು. ಅತ್ತೆ, "ಅದ ನೋಡ್ರಿ ಮತ್ತ" ಅಂದರು. ಅವಳ ತಾಯಿ ಸೆರಗು ಬಾಯಿಗೆ ಒತ್ತಿಕೊಂಡರು. ಅವಳು ನನ್ನನ್ನು ನೋಡುವುದನ್ನು ನಿಲ್ಲಿಸಿದಳು. ಅವತ್ತೇ ಸಂಜೆಯ ಬಸ್ಸಿಗೆ ಒಂದು ಬ್ಯಾಗು ಹಿಡಿದು ಅಣ್ಣನ ಹಿಂದೆ ಹೋದಳು. ಮೈದುನ ಬಸ್ ಸ್ಟ್ಯಾಂಡಿನವರೆಗೆ ಹೋಗಿ ಬಂದ. ಮರುದಿನದಿಂದ ಅವಳ ಜಾಗದಲ್ಲಿ ಕೂಲಿಗೆ ಒಬ್ಬ ಹೆಂಗಸು ಬಂದು ಕೂತಳು. ಅವಳ ರೊಟ್ಟಿ ದಪ್ಪ, ಗಿರಾಕಿಗಳು ಗೊಣಗಿದರು.

ಸಂಕ್ರಾಂತಿ ಕಳೆದ ಮೇಲೆ ಅವಳ ಅಣ್ಣ ಫೋನ್ ಮಾಡಿದ. ಅಂಗಳದಲ್ಲಿ ನೀರು ಹಾಕುತ್ತಿದ್ದವಳಿಗೆ ಆ ನೋವು ಬಂತಂತೆ, ಬಂದದ್ದು ಕೈಯಲ್ಲೇ ನಿಲ್ಲದೆ ಬಾಯಿ ಎಡಕ್ಕೆ ಎಳೆದು, ಮೈಯೆಲ್ಲ ಒದರಾಡಿ, ನೊರೆ ಬಂದು ಬಿದ್ದಳಂತೆ. ಹುಬ್ಬಳ್ಳಿಯಲ್ಲಿ ಮಿದುಳಿನ ಡಾಕ್ಟರಿಗೆ ತೋರಿಸಿದ್ದಾರೆ. ಮೊದಲಿನ ನೋವನ್ನು ಕಣ್ಣಾರೆ ಕಂಡವರು ಯಾರಾದರೂ ಬಂದು ಹೇಳಬೇಕು ಅಂತ ಆ ಡಾಕ್ಟರು ಕೇಳಿದ್ದಾರೆ. ಅತ್ತೆ ನನ್ನ ಮುಖ ನೋಡಿದರು. ನನ್ನಷ್ಟು ಕಂಡವರು ಬೇರೆ ಯಾರಿದ್ದರು?

ದವಾಖಾನೆಯ ಬೆಂಚಿನ ಮೇಲೆ ಅವಳು ಸೊರಗಿ ಕೂತಿದ್ದಳು. "ಬಂದ್ರೇನ್ರಿ ಅಕ್ಕಾ" ಅಂದಳು, ಅಷ್ಟೇ. ಒಳಗೆ ಡಾಕ್ಟರು ಕೇಳಿದರು, ನಾನು ಹೇಳಿದೆ. ಈ ಸಲ ಸರಿಯಾಗಿ ಹೇಳಿದೆ. ಎಡಗೈ ಒಂದೇ, ಮೊದಲು ಕಿರುಬೆರಳು, ಆಮೇಲೆ ಉಳಿದವು, ಬೆರಳ ತುದಿಯಿಂದ ಹೆಗಲ ತನಕ, ತುಟಿಯ ಅಂಚು ಎರಡು ಸಲ, ಒಂದು ರೊಟ್ಟಿ ಬೇಯುವಷ್ಟು ಹೊತ್ತು, ಆಮೇಲೆ ಜೋಮು. ಅವರು ಬರೆದುಕೊಳ್ಳುತ್ತಾ ಹೋದರು. ಪೆನ್ನು ಕೆಳಗಿಟ್ಟು ನನ್ನ ಕಡೆ ನೋಡಿದರು.

"ಎಷ್ಟ ಛಂದ ನೋಡೀರಿ ನೀವು. ಇದು ಫಿಟ್ಸ್ ರೀ. ಎಲ್ಲಾರಿಗೂ ಬಿದ್ದು ಒದ್ದಾಡೂ ಹಂಗ ಬರೂದಿಲ್ಲ. ಮಿದುಳಿನ ಯಾವ ಜಾಗಾದಾಗ ಕರೆಂಟ್ ಕೆಡತೈತೋ ಅದರ ಮ್ಯಾಲೆ. ಈಕಿಗೆ ಬರೇ ನೋವಾಗಿ ಬರತಿತ್ತು. ಭಾಳ ಅಪರೂಪ ಇದು, ನಮಗೂ ಲಗೂ ಗೊತ್ತಾಗೂದಿಲ್ಲ. ಪ್ರತಿ ಸಲ ಅದ ಜಾಗಾ, ಅದ ಥರಾ, ಅಷ್ಟ ಹೊತ್ತು ಅಂತ ಹೇಳಿದ್ರಲ್ಲ, ಅದ ಇದರ ಗುರುತು."

ಅಳತೆ ಹಿಡಿದು ಬರುವುದೇ ಗುರುತಂತೆ. ಯಾವುದನ್ನು ಹೇಳಿ ನಾನು ಅವಳನ್ನು ಸುಳ್ಳಿ ಮಾಡಿ ಮನೆಯಿಂದ ಹೊರಗೆ ಹಾಕಿಸಿದ್ದೆನೋ, ಅದೇ ಮಾತಿಗೆ ಡಾಕ್ಟರು ನನ್ನನ್ನು ಹೊಗಳಿದರು. "ಇಷ್ಟ ಗೊತ್ತಿದ್ದಾಗ ಮೊದಲ ಯಾಕ ಯಾರ ಮುಂದನೂ ಹೇಳಲಿಲ್ರಿ?" ಅಂತ ಕೇಳಿದರು. ಆಮೇಲೆ ಅವಳ ಕೈಯ ಬಲ ನೋಡಲು ಮಣಿಕಟ್ಟನ್ನು ಹಿಡಿದು ತಿರುಗಿಸಿದವರು ಅಲ್ಲೇ ನಿಂತರು. ಎರಡು ಬೆರಳಗಲದ ಕಂದು ಕಲೆ. "ಇದೇನು?" ಅಂದರು. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡನಂತೆ, ಹಾಗೆ ನಾನು ನನ್ನ ಕೈಯನ್ನು ಸೆರಗಿನೊಳಗೆ ಎಳೆದುಕೊಂಡೆ.

"ಹಂಚ ತಾಗಿತ್ತರಿ" ಅಂದಳು.

ತಲೆಗೆಲ್ಲ ವೈರು ಅಂಟಿಸಿ ಪಟ್ಟಿ ತೆಗೆದರು, ಸ್ಕ್ಯಾನ್ ಮಾಡಿದರು. ಮಿದುಳಿನ ಬಲಗಡೆ ಕಾಳಿನಷ್ಟು ಒಂದು ಗಂಟು ಇತ್ತು. ಯಾವುದೋ ಹುಳದ ಮೊಟ್ಟೆ ಹೊಟ್ಟೆಗೆ ಹೋಗಿ, ನೆತ್ತರಿನಲ್ಲಿ ಹರಿದು ಅಲ್ಲಿ ಕೂತಿದ್ದಂತೆ. ತೊಳೆಯದ ಹಸಿ ಸೊಪ್ಪಿನಿಂದಲೂ ಬರಬಹುದು ಅಂದರು. ನಮ್ಮ ತಟ್ಟೆಯಲ್ಲಿ ರೊಟ್ಟಿಯ ಜೊತೆ ಹಸಿ ಮೆಂತೆ, ಮೂಲಂಗಿ, ಉಳ್ಳಾಗಡ್ಡಿ ಇರಲೇಬೇಕು, ಸೊಪ್ಪು ತೊಳೆಯುವುದು ನನ್ನ ಕೆಲಸ. ಆದರೆ ಈ ಒಂದು ತಪ್ಪನ್ನು ನಾನು ಹೊರುವುದಿಲ್ಲ. ಎಲ್ಲಿ ತಿಂದಳೋ, ಯಾವಾಗ ತಿಂದಳೋ ಯಾರು ಕಂಡಿದ್ದಾರೆ? ನನಗೆ ನನ್ನದೇ ಸಾಕಷ್ಟಿದೆ.

ಗುಳಿಗೆ ಶುರುವಾದವು. ಹತ್ತು ತಿಂಗಳು ಕಳೆದರೂ ನೋವು ಒಂದು ಸಲವೂ ಬರಲಿಲ್ಲ. ಡಾಕ್ಟರು, ಗುಳಿಗೆ ತಪ್ಪಿಸಬೇಡಿ, ಒಲೆಯ ಮುಂದೆ ಸದ್ಯಕ್ಕೆ ಕೂರಿಸಬೇಡಿ, ಉಳಿದದ್ದೆಲ್ಲ ಎಲ್ಲರ ಹಾಗೆ ಮಾಡಲಿ ಅಂದರು. ಮೈದುನ ಹದಿನೈದು ದಿನಕ್ಕೊಮ್ಮೆ ಹೆಬ್ಬಳ್ಳಿಗೆ ಹೋಗಿ ಬರುತ್ತಿದ್ದ. ಕೊನೆಗೊಂದು ದಿನ ಅಪ್ಪನ ಮುಂದೆ ನಿಂತು, ಅವಳನ್ನು ಕರೆತರಬೇಕು ಅಂದ. ಅವನು ಅಷ್ಟು ದನಿ ಎತ್ತಿ ಮಾತಾಡಿದ್ದನ್ನು ನಾನು ಮೊದಲು ಕೇಳಿದ್ದು ಅವತ್ತು. ಅತ್ತೆಯೂ ಮೆತ್ತಗಾಗಿದ್ದರು. ಆದರೆ ಹೊರಗೆ ಕಳಿಸಿದ ಸೊಸೆಯನ್ನು ಬರೇ ಗಂಡ ಹೋಗಿ ಕರೆತಂದರೆ ಚೆನ್ನಾಗಿರುವುದಿಲ್ಲ, ಮನೆಯ ದೊಡ್ಡ ಸೊಸೆ ಹೋಗಿ ಕರೆದರೆ ಮಾನ ಅಂತ ತೀರ್ಮಾನವಾಯಿತು. ಹೀಗೆ ನಾನು ಒಂದು ಗುರುವಾರ ಚಿಗರಿ ಬಸ್ಸಿನಲ್ಲಿ ಧಾರವಾಡಕ್ಕೆ ಹೋಗಿ, ಅಲ್ಲಿಂದ ಹೆಬ್ಬಳ್ಳಿಯ ಬಸ್ಸು ಹತ್ತಿದೆ.

ಅವಳು ಪಡಸಾಲೆಯಲ್ಲಿ ಕೌದಿ ಹೊಲಿಯುತ್ತಾ ಕೂತಿದ್ದಳು. ಮೈ ತುಂಬಿಕೊಂಡಿದ್ದಳು. ನೀರು ಕೊಟ್ಟಳು, ಚಹಾ ಮಾಡಲು ಅತ್ತಿಗೆಗೆ ಹೇಳಿ ನನ್ನ ಎದುರು ಬಂದು ಕೂತಳು.

"ಅತ್ತಿ ಕರಕೊಂಡ ಬಾ ಅಂದಾರ" ಅಂದೆ. "ಒಲಿ ಮುಂದ ಕುಂದ್ರಸೂದಿಲ್ಲ ನಿನ್ನ. ಕಾಯಿಪಲ್ಯೆ ಹೆಚ್ಚೂದು, ಬಡಸೂದು ಅಷ್ಟ."

"ಬರ್ತೇನ್ರಿ ಅಕ್ಕಾ" ಅಂದಳು, ಹಿಂದೆ ಮುಂದೆ ನೋಡದೆ. ನನ್ನ ಎದೆಯ ಮೇಲಿನ ಕಲ್ಲು ಇಳಿಯಿತು. "ನಂಗೂ ಇಲ್ಲಿ ಕುಂತ ಸಾಕಾಗೈತ್ರಿ. ಅವರನ್ನ ಬಿಟ್ಟ ಎಷ್ಟ ದಿವಸ ಇರ್ಲಿ? ಆದ್ರ ಒಂದ ಮಾತೈತಿ."

"ಹೇಳು."

"ಆವತ್ತ ಬೆಂಚಿನ ಮ್ಯಾಲ ಮಾವಾರು, ಅತ್ತಿ, ಹಿರ್ಯಾರು ಎಲ್ಲಾರೂ ಕುಂತಿದ್ರಲ್ರಿ. ಅವರ ಮುಂದ ನೀವು ಹೇಳಬೇಕ್ರಿ. ಕಬ್ಬಿಣಾ ಇಟ್ಟಾಕಿ ನಾನ, ಆಕಿ ಕೈ ಎಳಕೊಳ್ಳಲಿಲ್ಲ, ಬ್ಯಾನಿ ಖರೇ ಅಂತ ನನಗ ಅವತ್ತ ಗೊತ್ತಾಗಿತ್ತು ಅಂತ. ಅಷ್ಟ ಹೇಳ್ರಿ. ನಾಳೆನ ಬರ್ತೇನಿ."

"ಈಗ ಯಾಕ ಬೇಕ ಅದು? ಡಾಕ್ಟರ್ರ ಹೇಳ್ಯಾರಲ್ಲ. ಈಗ ಎಲ್ಲಾರೂ ನಂಬ್ಯಾರ."

"ಡಾಕ್ಟರ್ರ ಮಾತ ನಂಬ್ಯಾರ್ರಿ. ನನ್ನ ಮಾತ ಯಾರ ನಂಬ್ಯಾರ?"

ನನಗೆ ಸಿಟ್ಟು ಬಂತು. ತಪ್ಪು ನನ್ನದಾದಾಗ ನನಗೆ ಸಿಟ್ಟು ಇನ್ನೂ ಲಗೂನೆ ಬರುತ್ತದೆ. "ನಿನಗ ಬಾಯಿ ಇರಲಿಲ್ಲೇನು? ಅವತ್ತ ನೀನ ಹೇಳಬಹುದಿತ್ತಲ್ಲ!"

"ನಾ ಹೇಳಿದ್ರ ಅದೂ ನಾಟಕಾ ಅಂತಿದ್ರು." ಸೂಜಿಯನ್ನು ಕೌದಿಗೆ ಚುಚ್ಚಿಟ್ಟಳು. "ನೀವು ಸುಟ್ಟಿದ್ದಕ್ಕ ನನಗ ಸಿಟ್ಟ ಬರಲಿಲ್ರಿ ಅಕ್ಕಾ. ಖರೇ ಹೇಳ್ತೇನಿ. ನಿಮ್ಮ ಮಾರಿ ನೋಡಿದೆ, ಇವರಿಗೆ ಗೊತ್ತಾತು ಅಂತ ಅನಿಸ್ತು. ಸಮಾಧಾನ ಆತ್ರಿ. ಒಬ್ಬರಿಗರ ಗೊತ್ತಾತಲ್ಲ, ಇನ್ನ ನನಗ ಯಾರ ಹೆದರಿಕಿ ಅಂತ. ಆವತ್ತ ಹಿರ್ಯಾರು ನಿಮ್ಮನ್ನ ಕೇಳಿದಾಗ ನಾ ಆರಾಮ ನಿಂತಿದ್ದೆ."

ಚಹಾ ಬಂತು, ಕುಡಿದೆ. ಊಟಕ್ಕೆ ಎಬ್ಬಿಸಿದರು, ಉಂಡೆ. ಹೊರಡುವಾಗ ಅವಳು ಕುಂಕುಮ ಹಚ್ಚಿ, ಖಣ ಕೊಟ್ಟು, ಬಗ್ಗಿ ನನ್ನ ಕಾಲು ಮುಟ್ಟಿದಳು. "ಹೇಳ್ತೀರಲ್ರಿ?" ಅಂದಳು. "ಹೇಳ್ತೇನಿ ಬಿಡ" ಅಂದೆ. ಆ ಮಾತು ಹೇಳುವಾಗ ಅದು ಖರೆಯಾಗಿಯೇ ಇತ್ತು. ಬಸ್ಸಿನಲ್ಲಿ ಧಾರವಾಡದವರೆಗೂ, ಧಾರವಾಡದಿಂದ ಹುಬ್ಬಳ್ಳಿಯವರೆಗೂ ಮನಸ್ಸಿನಲ್ಲೇ ಆ ನಾಲ್ಕು ಮಾತು ಹೇಳಿಕೊಳ್ಳುತ್ತಾ ಬಂದೆ. ಎಲ್ಲಿಂದ ಶುರುಮಾಡಬೇಕು ಅನ್ನುವುದನ್ನೂ ಗಟ್ಟಿ ಮಾಡಿಕೊಂಡಿದ್ದೆ.

ಖಾನಾವಳಿಗೆ ಬಂದಾಗ ನಾಲ್ಕೂವರೆ. ಎಲ್ಲರೂ ಅಲ್ಲೇ ಇದ್ದರು. ಮಾವನವರು ಪೇಪರ್ ಮಡಚಿದರು. ಅತ್ತೆ ಅಕ್ಕಿ ಆರಿಸುವುದನ್ನು ನಿಲ್ಲಿಸಿದರು. ನನ್ನ ಗಂಡ, ಶಾಲೆಯಿಂದ ಬಂದ ನನ್ನ ಮಗಳು ಒಂದೇ ಬೆಂಚಿನ ಮೇಲೆ ಕೂತು ಚಹಾ ಕುಡಿಯುತ್ತಿದ್ದರು. ಮಗಳು ನನ್ನನ್ನು ನೋಡಿ ನಕ್ಕಳು. ಮೈದುನ ಕೈಯಲ್ಲಿ ಒರೆಸುವ ಬಟ್ಟೆ ಹಿಡಿದುಕೊಂಡೇ ಎದ್ದು ಬಂದ.

"ವೈನಿ, ಏನಂದ್ಲ್ರಿ?"

ನಾನು ಮಗಳನ್ನು ನೋಡಿದೆ, ಅತ್ತೆಯನ್ನು ನೋಡಿದೆ.

"ಬರೂದಿಲ್ಲಂತ" ಅಂದೆ.

"ಸೊಕ್ಕು" ಅಂದರು ಅತ್ತೆ. ಮೈದುನ ಅದನ್ನು ನಂಬಲಿಲ್ಲ. ಮೊನ್ನೆ ತಾನೇ ಹೋಗಿ ಬಂದಿದ್ದೆ, ಬರುತ್ತೇನೆ ಅಂದಿದ್ದಳು ಅನ್ನುತ್ತಾ ಜೇಬಿನಿಂದ ಫೋನ್ ತೆಗೆದು, ಎಲ್ಲರಿಗೂ ಕೇಳಲಿ ಅಂತ ಸ್ಪೀಕರ್ ಹಾಕಿ, ನಡುವಿನ ಬೆಂಚಿನ ಮೇಲಿಟ್ಟ. ಅದು ರಿಂಗ್ ಆಗುವಷ್ಟು ಹೊತ್ತು ನಾನು ನಿಂತಲ್ಲಿಂದ ಅಲುಗಲಿಲ್ಲ. ಮುಗಿಯಿತು ನನ್ನ ಕಥೆ ಅಂದುಕೊಂಡೆ. ಮುಗಿದರೆ ಒಳ್ಳೆಯದೇ ಅಂತಲೂ ಅನಿಸಿತು.

ಅವಳು ಎತ್ತಿದಳು. ಮೈದುನ ಕೇಳುವ ಮೊದಲೇ ತಾನೇ ಕೇಳಿದಳು: "ಅಕ್ಕಾರು ಬಂದ್ರೇನ್ರಿ? ಏನ ಹೇಳಿದ್ರು?"

"ನೀ ಬರೂದಿಲ್ಲಂತ ಹೇಳಿದ್ರು."

ಆ ಕಡೆ ಅವರ ಅಂಗಳದಲ್ಲಿ ಯಾರೋ ಕೊಡ ಇಳಿಸಿದ ಸಪ್ಪಳ ಕೇಳಿಸಿತು.

"ಹೌದ್ರಿ" ಅಂದಳು. "ಅಕ್ಕಾರು ಖರೇನ ಹೇಳ್ಯಾರ."

ಫೋನ್ ಇಟ್ಟಳು. ಮೈದುನ ಬಟ್ಟೆಯನ್ನು ಬೆಂಚಿನ ಮೇಲೆ ಹಾಕಿ ಹೊರಗೆ ಹೋದ. ಮಗಳು ನನಗೆ ಚಹಾ ತಂದುಕೊಟ್ಟಳು. ನಾನು ಕುಡಿದೆ.